ಹದಿನಾಲ್ಕು ತಿಂಗಳಿಗೇ ಹೋದ ಬ್ಯಾಟರಿ: ಹುಬ್ಬಳ್ಳಿ ನವನಗರದ ಒಂದು ಗಾಡಿಯ ರಿಪೇರಿ ಟಿಪ್ಪಣಿ

ಗಾಡಿ ಸುಮಾರು ಆರು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬ್ಯಾಟರಿ 12 ವೋಲ್ಟಿನ, 35 ಆಂಪಿಯರ್-ಅವರ್‌ನ, 38ಬಿ20ಎಲ್ ಸೈಜಿನದು. ಒಳಗೆ ಆರು ಸೆಲ್ಲು, ಅಂದರೆ ಆರು ಖಾನೆ; ಮೇಲೆ ಒಂದೊಂದಕ್ಕೆ ಒಂದರಂತೆ ಆರು ಬಿರಡೆ ಇವೆ. ಗಾಡಿಯ ಜೊತೆ ಬಂದ ಮೊದಲ ಬ್ಯಾಟರಿ ನಾಲ್ಕೂವರೆ ವರ್ಷ ಬಾಳಿತ್ತು. ಅದರ ಜಾಗಕ್ಕೆ ಬಂದದ್ದು 14 ತಿಂಗಳಿಗೇ ಕೈಕೊಟ್ಟಿತು. ಡಿಸೆಂಬರ್‌ನ ಸೋಮವಾರ ಬೆಳಿಗ್ಗೆ, ಶನಿವಾರ-ಭಾನುವಾರ ನಿಂತೇ ಇದ್ದ ಗಾಡಿಗೆ ಚಾವಿ ತಿರುವಿದರೆ ಕಟ-ಕಟ-ಕಟ ಎಂಬ ಸದ್ದಷ್ಟೇ ಬಂತು, ಎಂಜಿನ್ ತಿರುಗಲಿಲ್ಲ.

ಇಂಥ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ‘ಬ್ಯಾಟರಿ ಹೋಗೇತ್ರೀ ಸರ, ಹೊಸಾದು ಹಾಕಿಬಿಡೂಣು.’ ಈ ಗಾಡಿಯ ಮಟ್ಟಿಗೆ ಅದು ಅರ್ಧ ಸರಿ. ಬ್ಯಾಟರಿ ನಿಜವಾಗಿಯೂ ಹೋಗಿತ್ತು. ಆದರೆ ಅದನ್ನು ತಿಂದುಹಾಕಿದ ದೋಷ ಗಾಡಿಯೊಳಗೆ ಹಾಗೇ ಕೂತಿತ್ತು. ಅದನ್ನು ಹುಡುಕದೆ ಹೊಸದು ಹಾಕಿದ್ದರೆ ಮುಂದಿನ ಚಳಿಗಾಲಕ್ಕೆ ಅದಕ್ಕೂ ಇದೇ ಗತಿ.

ಸದ್ದನ್ನು ಮೊದಲು ಗಮನಿಸಬೇಕು. ಬೇಗ ಬೇಗ ಕಟ-ಕಟ ಎಂದರೆ ಸ್ಟಾರ್ಟರಿಗೆ ಕರೆಂಟ್ ಬಿಡುವ ಮ್ಯಾಗ್ನೆಟ್ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಎಳೆಯುತ್ತಿದೆ, ಎಳೆದ ಕೂಡಲೇ ವೋಲ್ಟೇಜ್ ಕುಸಿದು ಬಿಡುತ್ತಿದೆ. ಅಲ್ಲಿಗೆ ಸಂಶಯ ಬ್ಯಾಟರಿ ಅಥವಾ ಅದರ ಜೋಡಣೆಗಳ ಮೇಲೆ. ಒಂದೇ ಸಲ ‘ಟಕ್’ ಎಂದು ಸುಮ್ಮನಾದರೆ, ಲೈಟು ಜೋರಾಗಿಯೇ ಇದ್ದರೆ, ಸ್ಟಾರ್ಟರನ್ನೇ ನೋಡಬೇಕು. ಏನೂ ಸದ್ದಿಲ್ಲವೆಂದರೆ ರಿಲೇ, ಫ್ಯೂಸ್, ಕ್ಲಚ್ ಸ್ವಿಚ್ಚು.

ಮೊದಲ ಅಳತೆ

ಸಲಕರಣೆ ಇಷ್ಟು: ಡಿಜಿಟಲ್ ಮಲ್ಟಿಮೀಟರ್, 10 ನಂಬರ್ ಪಾನಾ, ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ತಂತಿ ಬ್ರಶ್, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ. ಕನ್ನಡಕ ಬಿಡಬೇಡಿ. ಒಳಗಿರುವುದು ಸಲ್ಫ್ಯೂರಿಕ್ ಆಮ್ಲ. ಕಣ್ಣಿಗೆ ಹಾರಿದರೆ ಕನಿಷ್ಠ ಹದಿನೈದು ನಿಮಿಷ ನೀರು ಹರಿಯಬಿಟ್ಟು ತೊಳೆದು, ಸೀದಾ ಆಸ್ಪತ್ರೆಗೆ ಹೋಗಬೇಕು.

ಏನನ್ನೂ ಚಾಲೂ ಮಾಡದೆ ಬ್ಯಾಟರಿಯ ಎರಡು ಕಂಬಗಳ (ಟರ್ಮಿನಲ್) ನಡುವೆ ಅಳೆದಾಗ 11.71 ವೋಲ್ಟ್. ಪೂರ್ತಿ ತುಂಬಿ ಕೆಲವು ಗಂಟೆ ವಿಶ್ರಾಂತಿ ಪಡೆದ ಬ್ಯಾಟರಿ 12.5ರಿಂದ 12.7 ತೋರಿಸಬೇಕು. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0ಕ್ಕೆ ಕಾಲುಭಾಗ. 11.8ಕ್ಕಿಂತ ಕೆಳಗೆ ಅದು ಬರಿದು. ಆದರೆ ಬರಿದಾಗುವುದೇ ಬೇರೆ, ಕೆಡುವುದೇ ಬೇರೆ. ರಾತ್ರಿಯಿಡೀ ಹೆಡ್‌ಲೈಟ್ ಉರಿದರೆ ಒಳ್ಳೆಯ ಬ್ಯಾಟರಿಯೂ ಬರಿದಾಗುತ್ತದೆ. ಹಾಗಾಗಿ ಈ ಅಂಕಿಯೊಂದನ್ನೇ ಹಿಡಿದು ತೀರ್ಪು ಕೊಡುವಂತಿಲ್ಲ, ಮೊದಲು ಚಾರ್ಜ್ ಮಾಡಬೇಕು.

ಬೇರೆ ಗಾಡಿಯಿಂದ ಜಂಪ್ ಕೊಟ್ಟು ಧಾರವಾಡಕ್ಕೆ ಒಂದು ಸುತ್ತು ಹೋಗಿಬಂದರೆ ತುಂಬುತ್ತದೆ ಎಂಬ ಮಾತಿದೆ. 20 ಕಿಲೋಮೀಟರ್ ಓಟದಲ್ಲಿ ಪೂರ್ತಿ ಬರಿದಾದ ಬ್ಯಾಟರಿ ತುಂಬುವುದಿಲ್ಲ; ಕೊನೆಯ ಐದನೇ ಒಂದು ಭಾಗ ಒಳಗೆ ಇಳಿಯಲಿಕ್ಕೇ ಗಂಟೆಗಟ್ಟಲೆ ಬೇಕು. ಮೇಲಾಗಿ ಅಷ್ಟೂ ಹೊತ್ತು ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಪೂರ್ಣ ಭಾರ ಹೊತ್ತು ಕಾಯುತ್ತದೆ. ಬ್ಯಾಟರಿ ಕಳಚಿ, ಗಾಳಿಯಾಡುವ ಜಾಗದಲ್ಲಿಟ್ಟು, ಚಾರ್ಜರಿನಿಂದ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗದ ಕರೆಂಟ್ ಕೊಡುವುದೇ ಸರಿ. 35ಕ್ಕೆ 3.5 ಆಂಪಿಯರ್, ಸುಮಾರು 12 ಗಂಟೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕ್ಲಿಪ್ ಹಾಕುವುದು, ತೆಗೆಯುವುದು ಎರಡನ್ನೂ ಚಾರ್ಜರಿನ ಸ್ವಿಚ್ ಆರಿಸಿಯೇ ಮಾಡಬೇಕು.

ಹತ್ತನೇ ಗಂಟೆಯ ಹೊತ್ತಿಗೆ ಒಂದು ಸುಳಿವು ಸಿಕ್ಕಿತು. ಬಿರಡೆ ತೆಗೆದು ನೋಡಿದರೆ ಆರರಲ್ಲಿ ಐದು ಸೆಲ್ಲುಗಳಲ್ಲಿ ಸಣ್ಣ ಗುಳ್ಳೆ ಏಳುತ್ತಿತ್ತು. ಸಾಲಿನಲ್ಲಿ ಐದನೆಯದು ಮಾತ್ರ ಬಾವಿಯ ನೀರಿನ ಹಾಗೆ ಸುಮ್ಮನಿತ್ತು.

ಆರು ಸೆಲ್ಲು, ಆರು ಅಂಕಿ

ಚಾರ್ಜ್ ಮುಗಿದು ಎಂಟು ಗಂಟೆ ಬಿಟ್ಟು ಹೈಡ್ರೋಮೀಟರ್ ಇಳಿಸಿದಾಗ ಬಂದ ಸಾಂದ್ರತೆ ಕ್ರಮವಾಗಿ ಹೀಗೆ: 1.245, 1.250, 1.250, 1.245, 1.140, 1.250. ಪೂರ್ತಿ ತುಂಬಿದಾಗ ಎಷ್ಟಿರಬೇಕು ಎಂಬುದಕ್ಕೆ ಬ್ಯಾಟರಿಯ ಲೇಬಲ್ಲೇ ಪ್ರಮಾಣ. ಇದರ ಮೇಲೆ 1.250 ಎಂದಿತ್ತು. ಸೆಲ್ಲು ಸೆಲ್ಲುಗಳ ನಡುವೆ 0.010, 0.020 ಹೆಚ್ಚುಕಡಿಮೆ ಇದ್ದರೆ ಚಿಂತೆಯಿಲ್ಲ. 0.050 ದಾಟಿದರೆ ಆ ಸೆಲ್ಲು ಕೆಟ್ಟಿದೆ. ಇಲ್ಲಿ ವ್ಯತ್ಯಾಸ 0.110.

ಹೈಡ್ರೋಮೀಟರಿಗೂ ಮಲ್ಟಿಮೀಟರಿಗೂ ತಾಳೆ ಹಾಕುವ ಒಂದು ಸರಳ ಲೆಕ್ಕವಿದೆ. ವಿಶ್ರಾಂತಿಯಲ್ಲಿರುವ ಸೆಲ್ಲಿನ ಸಾಂದ್ರತೆಗೆ 0.84 ಕೂಡಿಸಿದರೆ ಹೆಚ್ಚುಕಡಿಮೆ ಅದರ ವೋಲ್ಟೇಜ್ ಬರುತ್ತದೆ. ಐದನೆಯದಕ್ಕೆ 1.98, ಉಳಿದವು 2.085, 2.09. ಆರೂ ಕೂಡಿದರೆ 12.42. ಮೀಟರ್ ಕೂಡ 12.42 ಎಂದೇ ತೋರಿಸಿತು. ಮರುದಿನ ಅದೇ ಹೊತ್ತಿಗೆ, ಬ್ಯಾಟರಿಯನ್ನು ಯಾರೂ ಮುಟ್ಟದಿದ್ದರೂ, ಐದನೇ ಸೆಲ್ಲು 1.090ಕ್ಕೆ, ಒಟ್ಟು 12.37ಕ್ಕೆ ಇಳಿದಿತ್ತು. ಆ ಸೆಲ್ಲು ಒಳಗೊಳಗೇ ಶಾರ್ಟ್ ಆಗಿ ತನ್ನನ್ನು ತಾನೇ ಖಾಲಿ ಮಾಡಿಕೊಳ್ಳುತ್ತಿತ್ತು.

ಚಾರ್ಜ್ ತೋರಿಸುವ, ಮ್ಯಾಜಿಕ್ ಐ ಎಂಬ ಹಸಿರು ಕಣ್ಣು ಇರುವ ಬ್ಯಾಟರಿಗಳಲ್ಲಿ ಅದನ್ನೇ ನಂಬಿ ಕೂರಬಾರದು. ಆ ಕಣ್ಣು ನೋಡುವುದು ಒಂದೇ ಸೆಲ್ಲನ್ನು. ಪಕ್ಕದ ಸೆಲ್ಲು ಸತ್ತಿದ್ದರೂ ಅದು ಹಸಿರಾಗಿಯೇ ಇರುತ್ತದೆ.

ಶಾರ್ಟ್ ಹೇಗಾಯಿತು? ಬ್ಯಾಟರಿ ಖಾಲಿಯಾದಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ, ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ತೀರಾ ಬರಿದಾದಾಗ ಇನ್ನೂ ಒಂದು ಅಪಾಯ: ಆಮ್ಲ ತೆಳುವಾಗಿ ನೀರಿನಂತಾದಾಗ ಆ ಸಲ್ಫೇಟ್ ಸ್ವಲ್ಪ ಸ್ವಲ್ಪ ನೀರಿಗೆ ಕರಗಿ, ಪ್ಲೇಟುಗಳ ನಡುವಿನ ಸೆಪರೇಟರಿನೊಳಗೆ ಇಳಿಯುತ್ತದೆ. ಮತ್ತೆ ಚಾರ್ಜ್ ಮಾಡುವಾಗ ಅಲ್ಲೇ ಸೀಸದ ಎಳೆಯಾಗಿ ಬೆಳೆದು ಎರಡು ಪ್ಲೇಟುಗಳನ್ನು ಜೋಡಿಸಿಬಿಡುತ್ತದೆ. ಒಂದು ಸಲ ಬರಿದಾದರೆ ಬದುಕಬಹುದು. ಪ್ರತಿ ಸೋಮವಾರ ಅರ್ಧಕ್ಕಿಂತ ಕೆಳಗಿಳಿಯುವ ಬ್ಯಾಟರಿಗೆ ಆಯುಷ್ಯವಿಲ್ಲ. ಹಾಗಾದರೆ ಇದು ಪ್ರತಿ ವಾರ ಏಕೆ ಇಳಿಯುತ್ತಿತ್ತು?

ಸೋರಿಕೆಯ ಬೇಟೆ

ಚಾರ್ಜ್ ಆದ ಹಳೇ ಬ್ಯಾಟರಿಯನ್ನೇ ಗಾಡಿಗೆ ಕೂರಿಸಿ, ಗಾಡಿ ನಿಂತಿದ್ದಾಗಲೂ ಹರಿದುಹೋಗುವ ಕರೆಂಟನ್ನು, ಅಂದರೆ ಸೋರಿಕೆಯನ್ನು, ಅಳೆಯಬೇಕು. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ, ನೆಗೆಟಿವ್ ಕಂಬಕ್ಕೂ ಬಿಚ್ಚಿದ ನೆಗೆಟಿವ್ ಕ್ಲಾಂಪಿಗೂ ನಡುವೆ ಮೀಟರ್ ಸೇರಿಸಬೇಕು. ಇಲ್ಲಿ ತಪ್ಪುವುದು ಮೂರು ಕಡೆ. ಮೀಟರ್ ನಡುವೆ ಇರುವಾಗ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಸುಟ್ಟಿತೆಂದೇ ಲೆಕ್ಕ. ಬಾಗಿಲು ತೆರೆದಿದ್ದರೆ ಒಳಗಿನ ಕಂಪ್ಯೂಟರುಗಳು ಮಲಗುವುದಿಲ್ಲ. ಬಾಗಿಲಿನ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತರಬೇಕು, ಫ್ಯೂಸ್ ಪೆಟ್ಟಿಗೆಗೆ ಕೈ ಹಾಕುವಷ್ಟು ಬಾಗಿಲು ಮಾತ್ರ ತೆರೆದಿರಲಿ. ಮೂರನೆಯದು ಅವಸರ.

ಈ ಗಾಡಿಯಲ್ಲಿ ಮೀಟರ್ ಸೇರಿಸಿದಾಗ 2.6 ಆಂಪಿಯರ್. ನಾಲ್ಕು ನಿಮಿಷಕ್ಕೆ 0.9. ಇಲ್ಲೇ ನಿಲ್ಲಿಸಿದ್ದರೆ ದೊಡ್ಡ ಗಾಬರಿ. 25 ನಿಮಿಷ ಕಾದ ಮೇಲೆ 0.28ಕ್ಕೆ ಬಂದು ನಿಂತಿತು, ಅಲ್ಲಿಂದ ಕೆಳಗಿಳಿಯಲಿಲ್ಲ. ಸಾಮಾನ್ಯ ಗಾಡಿಗೆ 0.02ರಿಂದ 0.05 ಸಹಜ: ಗಡಿಯಾರ, ರಿಮೋಟ್ ಲಾಕಿನ ರಿಸೀವರ್, ಕಂಪ್ಯೂಟರಿನ ನೆನಪು. ಅದರ ಹತ್ತರಷ್ಟು ಹೋಗುತ್ತಿದ್ದರೆ ಎಲ್ಲೋ ಏನೋ ಎಚ್ಚರವಾಗಿದೆ ಎಂದೇ ಅರ್ಥ.

ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಮೀಟರ್ ನೋಡುತ್ತ ಹೋಗಬೇಕು. ಒಳಲೈಟು, ಡಿಕ್ಕಿ ಲೈಟು, ಹಾರ್ನ್: ಯಾವುದಕ್ಕೂ ಅಂಕಿ ಅಲ್ಲಾಡಲಿಲ್ಲ. ಸ್ಟೀರಿಯೋದ 15 ಆಂಪಿಯರ್ ಫ್ಯೂಸ್ ತೆಗೆದ ಕ್ಷಣ 0.28 ಹೋಗಿ 0.02.

ಸ್ಟೀರಿಯೋ ಹೊರಗಿನಿಂದ ಹಾಕಿಸಿದ ಟಚ್ ಸ್ಕ್ರೀನಿನದು. ಅದರ ಹಿಂದೆ ಕೈ ಹಾಕಿ ಟೇಪು ಬಿಚ್ಚಿದರೆ ಕಾರಣ ಕಣ್ಣಿಗೇ ಕಂಡಿತು: ಹಳದಿ ತಂತಿ, ಕೆಂಪು ತಂತಿ ಎರಡನ್ನೂ ಒಟ್ಟಿಗೆ ಹೊಸೆದು ಗಾಡಿಯ ಒಂದೇ ತಂತಿಗೆ ಕಟ್ಟಿದ್ದರು. ಇಂಥ ಸ್ಟೀರಿಯೋಗಳಲ್ಲಿ ಹಳದಿ ಸದಾ ಕರೆಂಟ್ ಬೇಡುವ ನೆನಪಿನ ತಂತಿ, ಕೆಂಪು ಚಾವಿ ತಿರುವಿದಾಗ ಮಾತ್ರ ಕರೆಂಟ್ ಬರಬೇಕಾದ ತಂತಿ, ಕಪ್ಪು ಅರ್ಥಿಂಗ್. ಕೆಂಪಿಗೂ ಸದಾ ಕರೆಂಟ್ ಇದ್ದರೆ ಸ್ಟೀರಿಯೋ ಪಾಲಿಗೆ ಚಾವಿ ಯಾವಾಗಲೂ ತಿರುವಿಯೇ ಇದೆ. ಬಟನ್ ಒತ್ತಿದರೆ ಪರದೆ ಕಪ್ಪಾಗುತ್ತದೆಯೇ ಹೊರತು ಒಳಗಿನ ಕಂಪ್ಯೂಟರ್ ನಿದ್ದೆ ಹೋಗುವುದಿಲ್ಲ. ಹೀಗೆ ಕಟ್ಟುವುದಕ್ಕೆ ಕಾರಣವೂ ಇದೆ: ಸರಿಯಾಗಿ ಜೋಡಿಸಿದರೆ ಸ್ಟೀರಿಯೋ ಎದ್ದೇಳಲು ಪ್ರತಿ ಸಲ ಅರ್ಧ ನಿಮಿಷ ಬೇಕು, ಹಾಡು ತಡವಾಗುತ್ತದೆಂದು ಗಿರಾಕಿಗಳು ಬೇಸರಿಸುತ್ತಾರೆ. ಆ ಅರ್ಧ ನಿಮಿಷಕ್ಕೆ ತೆತ್ತ ಬೆಲೆ ಒಂದು ಬ್ಯಾಟರಿ.

ಸರಿಪಡಿಸುವುದು ಸುಲಭ. ಚಾವಿ ತೆಗೆದಾಗ 0, ಮೊದಲ ಹಂತಕ್ಕೆ ತಿರುವಿದಾಗ 12 ವೋಲ್ಟ್ ತೋರಿಸುವ ತಂತಿಯನ್ನು ಮೀಟರಿನಿಂದ ಹುಡುಕಿ ಕೆಂಪನ್ನು ಅದಕ್ಕೆ ಸೇರಿಸಬೇಕು, ಹಳದಿಯನ್ನು ಸದಾ ಕರೆಂಟ್ ಇರುವ ತಂತಿಯಲ್ಲೇ ಬಿಡಬೇಕು. ಎರಡೂ ಜೋಡಣೆಗೆ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್. ನಮ್ಮ ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡಿನೊಳಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ಅದನ್ನೇ ನೆಚ್ಚಬಾರದು. ಫ್ಯೂಸ್ ಹಾಕಿ, ಮತ್ತೆ 25 ನಿಮಿಷ ಕಾದು ಅಳೆದಾಗ 0.02.

ದಿನದ ಜಮಾ-ಖರ್ಚು

0.28 ಆಂಪಿಯರ್ ಎಂದರೆ ಸಣ್ಣದೆನಿಸುತ್ತದೆ. 24ರಿಂದ ಗುಣಿಸಿದರೆ ದಿನಕ್ಕೆ 6.7 ಆಂಪಿಯರ್-ಅವರ್. 35ರ ಬ್ಯಾಟರಿ ಎರಡೂವರೆ ದಿನಕ್ಕೆ ಅರ್ಧ ಖಾಲಿ. ಜಮಾ ಕಡೆ ನೋಡಿದರೆ ಈ ಗಾಡಿಯ ನಿತ್ಯದ ಓಟ ನವನಗರದಿಂದ ಉಣಕಲ್ ಕಡೆಗೆ ಮೂರು-ನಾಲ್ಕು ಕಿಲೋಮೀಟರ್, ಹತ್ತು ನಿಮಿಷ, ಸಂಜೆ ವಾಪಸ್. ಸರಾಸರಿ 10 ಆಂಪಿಯರ್ ಒಳಗೆ ಹೋಯಿತೆಂದರೂ ಎರಡೂ ಓಟ ಸೇರಿ 3.3 ಆಂಪಿಯರ್-ಅವರ್. ಸೆಲ್ಫ್ ಹೊಡೆಯಲು ಹೋಗುವುದು ಜುಜುಬಿ: 150 ಆಂಪಿಯರ್ ಎರಡು ಸೆಕೆಂಡ್ ಎಂದರೆ 0.08. ಅಂದರೆ ದಿನಕ್ಕೆ ಮೂರೂವರೆಯಷ್ಟು ಸಾಲ. ವಾರಾಂತ್ಯದಲ್ಲಿ ಜಮಾ ಇಲ್ಲ, ಬರೀ ಖರ್ಚು. ನಡುನಡುವೆ ಗದಗಕ್ಕೋ ಹಾವೇರಿಗೋ ಹೋಗಿಬಂದಾಗ ಮಾತ್ರ ಸಾಲ ತೀರುತ್ತಿತ್ತು; ಹಾಗಾಗಿಯೇ 14 ತಿಂಗಳು ಎಳೆಯಿತು.

ಈಗ 0.02ರ ಲೆಕ್ಕದಲ್ಲಿ ಅದೇ 6.7 ಆಂಪಿಯರ್-ಅವರ್ ಸೋರಲು ಹದಿನಾಲ್ಕು ದಿನ ಬೇಕು. ಮೊದಲು ಒಂದು ದಿನದಲ್ಲಿ ಹೋಗುತ್ತಿದ್ದದ್ದು ಇದೇ.

ಅರ್ಥಿಂಗ್

ಇನ್ನೊಂದು ದೋಷ ಬೇರೆಯೇ ಇತ್ತು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ ಬ್ಲಾಕಿನ ಬರಿ ಲೋಹಕ್ಕೂ ನಡುವೆ ಮೀಟರ್ ಹಿಡಿದರೆ 0.2 ವೋಲ್ಟಿಗಿಂತ ಕಡಿಮೆ ಇರಬೇಕು. ಮೀಟರಿನ ತುದಿ ಕ್ಲಾಂಪಿನ ಮೇಲಲ್ಲ, ಕಂಬದ ಸೀಸದ ಮೇಲೆಯೇ ಕೂರಬೇಕು. ಇಲ್ಲಿ 0.68 ಬಂತು. ಅಂದರೆ ಸ್ಟಾರ್ಟರಿಗೆ ಸೇರಬೇಕಾದ ವೋಲ್ಟೇಜಿನಲ್ಲಿ ಮುಕ್ಕಾಲು ವೋಲ್ಟಿನಷ್ಟು ದಾರಿಯಲ್ಲೇ ಪೋಲು. ಇದನ್ನು ಮೀಟರಿನ ಓಮ್ ಸೆಟ್ಟಿಂಗಿನಲ್ಲಿ ಹುಡುಕಿದರೆ ಸಿಗುವುದಿಲ್ಲ. 0.68 ಭಾಗಿಸು 150 ಎಂದರೆ 0.0045 ಓಮ್, ಸಾಮಾನ್ಯ ಮೀಟರಿಗೆ ಅದು 0 ಎಂದೇ ಕಾಣುತ್ತದೆ. ಕರೆಂಟ್ ಹರಿಯುವಾಗಲೇ ಹಿಡಿಯಬೇಕು.

ಬ್ಯಾಟರಿ ಟ್ರೇ ಎತ್ತಿದರೆ ಕೆಳಗೆ ಗೇರ್‌ಬಾಕ್ಸಿಗೆ ಬಿಗಿದ ನೆಗೆಟಿವ್ ತಂತಿಯ ಬೋಲ್ಟು ಹಸಿರು-ಬಿಳಿ ಪುಡಿಯಲ್ಲಿ ಮುಳುಗಿತ್ತು. ಹಸಿರು ತಾಮ್ರದಿಂದ ಬಂದದ್ದು, ಬಿಳಿ ಉಳಿದ ಲೋಹಗಳಿಂದ. ಎರಡಕ್ಕೂ ಮೂಲ ಮೇಲಿಂದ ಇಳಿದ ಆಮ್ಲ. ಅಡಿಗೆ ಸೋಡಾ ಒಂದು ದೊಡ್ಡ ಚಮಚ, ಕಾಲು ಲೀಟರ್ ಉಗುರುಬೆಚ್ಚಗಿನ ನೀರು. ಬ್ಯಾಟರಿಯ ಬಿರಡೆಗಳು ಭದ್ರ ಇವೆಯೆಂದು ನೋಡಿಕೊಂಡೇ ಹಚ್ಚಬೇಕು, ಸೋಡಾ ಒಳಗಿಳಿದರೆ ಆಮ್ಲವೇ ಸಾಯುತ್ತದೆ. ನೊರೆ ಬರುವುದು ನಿಲ್ಲುವ ತನಕ ಹಚ್ಚಿ, ಬರೀ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಬೋಲ್ಟು ತೆಗೆದು, ತಂತಿಯ ಕಣ್ಣು, ಗೇರ್‌ಬಾಕ್ಸಿನ ಮೈ ಎರಡನ್ನೂ 120 ನಂಬರ್ ಮರಳು ಕಾಗದದಿಂದ ಲೋಹ ಹೊಳೆಯುವಷ್ಟು ತಿಕ್ಕಬೇಕು. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲಿನ್. ಕೊಬ್ಬರಿ ಎಣ್ಣೆ, ಗ್ರೀಸು ಹಚ್ಚಿ ಆಮೇಲೆ ಬಿಗಿಯುವ ರೂಢಿ ಇದೆ. ಜೋಡಣೆಯ ನಡುವೆ ಏನೂ ಬೇಡ, ಲೋಹಕ್ಕೆ ಲೋಹ ತಾಗಬೇಕು. ಮರು ಅಳತೆ: 0.09.

ಆಲ್ಟರ್ನೇಟರ್ ಚೆನ್ನಾಗಿತ್ತು. 2000 ಆರ್‌ಪಿಎಂನಲ್ಲಿ ಕಂಬಗಳ ನಡುವೆ 14.2, ಹೆಡ್‌ಲೈಟು, ಬ್ಲೋವರ್ ಎಲ್ಲ ಹಾಕಿದಾಗ 13.8. 13.5ಕ್ಕಿಂತ ಕೆಳಗಿದ್ದರೆ ಬ್ಯಾಟರಿ ತುಂಬದು, 14.8 ದಾಟಿದರೆ ಒಳಗಿನ ನೀರು ಒಡೆದು ಅನಿಲವಾಗಿ ಹೋಗುತ್ತದೆ. ನೆಗೆಟಿವ್ ಕ್ಲಾಂಪಿನ ಮೇಲೆ ಸಣ್ಣ ಸೆನ್ಸರ್ ಇರುವ ಹೊಸ ಗಾಡಿಗಳಿಗೆ ಈ ಅಂಕಿ ಅನ್ವಯಿಸುವುದಿಲ್ಲ. ಅವುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗನ್ನು ಬೇಕೆಂದೇ ಏರಿಸಿ ಇಳಿಸುತ್ತದೆ.

ವಾರಂಟಿ, ಹೊಸ ಬ್ಯಾಟರಿ

ವಾರಂಟಿ ಕಾರ್ಡಿನಲ್ಲಿ ಎರಡು ಅವಧಿ ಇರುತ್ತವೆ: ಮೊದಲನೆಯದು ಉಚಿತ ಬದಲಾವಣೆ, ಎರಡನೆಯದು ಬಳಸಿದ ತಿಂಗಳಿಗೆ ತಕ್ಕಂತೆ ಹೊಸದರ ಬೆಲೆಯಲ್ಲಿ ರಿಯಾಯಿತಿ. ಈ ಬ್ಯಾಟರಿಯ ಉಚಿತ ಅವಧಿ 24 ತಿಂಗಳು, ಇನ್ನೂ ಹತ್ತು ಬಾಕಿ. ಬರಿದಾದ ಬ್ಯಾಟರಿಯನ್ನು ಹಾಗೇ ಒಯ್ದರೆ ಚಾರ್ಜ್ ಮಾಡಿ ವಾಪಸ್ ಕೊಡುತ್ತಾರೆ, ಏಕೆಂದರೆ ಬರಿದಾಗುವುದು ತಯಾರಿಕೆಯ ದೋಷವಲ್ಲ. ಸೆಲ್ಲಿನ ದೋಷವಿದ್ದರೆ ಆರೂ ಸಾಂದ್ರತೆಗಳನ್ನು ಬರೆದುಕೊಂಡು ಹೋಗಬೇಕು. ಅವರೂ ಚಾರ್ಜ್ ಮಾಡಿ, ಒಂದೆರಡು ದಿನ ಇಟ್ಟುಕೊಂಡು ಪರೀಕ್ಷಿಸುತ್ತಾರೆ. ಇಲ್ಲಿ ಐದನೇ ಸೆಲ್ಲು ಅವರಿಗೂ ಸಿಕ್ಕಿತು, ಬದಲಿ ಬ್ಯಾಟರಿ ಕೊಟ್ಟರು. ಬದಲಿಗೆ ಹೊಸ ವಾರಂಟಿ ಶುರುವಾಗುವುದಿಲ್ಲ, ಹಳೆಯದರ ಉಳಿದ ತಿಂಗಳುಗಳೇ ಮುಂದುವರಿಯುತ್ತವೆ.

ಹೊಸದನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಅಂಗಡಿಯಲ್ಲೇ ನೋಡಬೇಕಾದದ್ದು: ತಯಾರಾದ ತಿಂಗಳು, ಮೂರು ತಿಂಗಳಿಗಿಂತ ಹಳೆಯದು ಬೇಡ. ಮೀಟರ್ ಹಿಡಿದರೆ 12.5ಕ್ಕಿಂತ ಮೇಲಿರಬೇಕು. ಹಳೆಯದರ ಪಕ್ಕದಲ್ಲಿಟ್ಟು ಪಾಸಿಟಿವ್ ಕಂಬ ಅದೇ ಬದಿಗೆ ಬರುತ್ತದೆಯೇ, ಕಂಬದ ದಪ್ಪ ಒಂದೇ ಇದೆಯೇ ನೋಡಬೇಕು. ತೆಳು ಕಂಬದ ಬ್ಯಾಟರಿಗೆ ದಪ್ಪ ಕಂಬದ ಕ್ಲಾಂಪ್ ಎಷ್ಟು ಬಿಗಿದರೂ ಕೂರದು. ತಗಡು ತುರುಕಿ ಕೂರಿಸಿದರೆ ಮತ್ತೆ ಸೆಲ್ಫ್ ತೊಂದರೆ. ಹಳೆಯದು ವಾರಂಟಿಯಲ್ಲಿ ಹೋಗದಿದ್ದರೆ ಅಂಗಡಿಗೇ ಕೊಟ್ಟು ಬೆಲೆ ಕಳೆಯಿಸಿಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಗುಜರಿಗೆ ಹಾಕಿದರೆ ಆಮ್ಲ ಗಟಾರಕ್ಕೆ, ಸೀಸದ ಧೂಳು ಒಡೆಯುವವನ ಪುಪ್ಪುಸಕ್ಕೆ ಹೋಗುತ್ತದೆ.

ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಗಾಡಿಯ ಇಡೀ ಮೈ ನೆಗೆಟಿವ್. ಅದು ಜೋಡಿಸಿರುವಾಗ ಪಾಸಿಟಿವ್ ಬಿಚ್ಚುತ್ತಿದ್ದ ಪಾನಾ ಮೈಗೆ ತಾಗಿದರೆ ಪಾನಾವೇ ಬೆಸುಗೆಯ ಕಡ್ಡಿಯಾಗುತ್ತದೆ. ಕ್ಲಾಂಪನ್ನು ಸುತ್ತಿಗೆಯಿಂದ ಬಡಿದು ಇಳಿಸಬೇಡಿ, ಒಳಗಿನ ಪ್ಲೇಟಿನ ಬೆಸುಗೆ ಬಿರಿಯುತ್ತದೆ. ಹಿಡಿಕೆ ಪಟ್ಟಿ ಬಿಗಿದ ಮೇಲೆ ಎರಡೂ ಕೈಯಿಂದ ಅಲುಗಿಸಿದರೂ ಬ್ಯಾಟರಿ ಅಲ್ಲಾಡಬಾರದು. ನಮ್ಮ ರಸ್ತೆಯ ಕುಣಿಗಳಲ್ಲಿ ಸಡಿಲ ಬ್ಯಾಟರಿಯ ಪ್ಲೇಟುಗಳು ಉದುರುತ್ತವೆ. ಕರೆಂಟ್ ಕಡಿದು ಜೋಡಿಸಿದ ಮೇಲೆ ಗಡಿಯಾರ ಸರಿಮಾಡಿ, ಎ.ಸಿ. ಹಾಕದೆ ಕೆಲವು ನಿಮಿಷ ಐಡಲ್‌ನಲ್ಲಿ ಬಿಡಿ. ಆಟೋ ಕಿಟಕಿ ತನ್ನ ಸೆಟ್ಟಿಂಗ್ ಮರೆತಿದ್ದರೆ ಗಾಜು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಎಳೆದು ಹಿಡಿದರೆ ಹೆಚ್ಚಿನ ಗಾಡಿಗಳಲ್ಲಿ ನೆನಪು ಮರಳುತ್ತದೆ.

ಬ್ಯಾಟರಿಯ ಸುತ್ತಲಿನ ಪ್ಲಾಸ್ಟಿಕ್ ಅಥವಾ ಬಟ್ಟೆಯಂಥ ಹೊದಿಕೆಯನ್ನು ಬದಲಿಸುವಾಗ ಎಸೆದುಬಿಡುವವರೇ ಹೆಚ್ಚು. ಅದು ಎಂಜಿನ್ ಬಿಸಿಗೆ ಅಡ್ಡ. ಶಾಖ 10 ಡಿಗ್ರಿ ಏರಿದರೆ ಒಳಗಿನ ಸವೆತದ ವೇಗ ಸುಮಾರು ಎರಡು ಪಟ್ಟು. ಏಪ್ರಿಲ್-ಮೇ ತಿಂಗಳಲ್ಲಿ ಬಿದ್ದ ಪೆಟ್ಟು ಡಿಸೆಂಬರ್ ಬೆಳಿಗ್ಗೆ, ಎಂಜಿನ್ ಆಯಿಲ್ ಗಟ್ಟಿಯಾದಾಗ ಕಾಣುತ್ತದೆ. ಹೊದಿಕೆಯನ್ನು ಮರಳಿ ಹಾಕಿ.

ಬಿರಡೆ ಇರುವ ಬ್ಯಾಟರಿಗೆ ಮೂರು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಬೇಕು. ಪ್ಲೇಟುಗಳ ಮೇಲೆ 10ರಿಂದ 15 ಮಿಲಿಮೀಟರ್ ಸಾಕು. ಪೂರ್ತಿ ಚಾರ್ಜ್ ಆದ ಮೇಲೆ ತುಂಬಿಸಿ, ಖಾಲಿ ಇದ್ದಾಗ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಅದೇ ಹಸಿರು ಪುಡಿ ಮತ್ತೆ. ಡಿಸ್ಟಿಲ್ಡ್ ವಾಟರ್ ಮಾತ್ರ. ನಳದ ಮಲಪ್ರಭಾ ನೀರಾಗಲಿ, ಗದಗ ಕಡೆಯ ಬೋರಿನ ಗಡಸು ನೀರಾಗಲಿ ಕೂಡದು, ಅದರೊಳಗಿನ ಕಬ್ಬಿಣ, ಕ್ಲೋರೈಡ್ ಪ್ಲೇಟುಗಳನ್ನು ತಿನ್ನುತ್ತವೆ. ಆರ್.ಒ. ನೀರಿನಲ್ಲೂ ಲವಣ ಉಳಿದಿರುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಕಾಯಿಲಿನ ಲೋಹ, ಧೂಳು ಹೊತ್ತು ಬರುತ್ತದೆ. ಆಮ್ಲವನ್ನಂತೂ ಸೇರಿಸಲೇಬೇಡಿ: ಕಡಿಮೆಯಾದದ್ದು ನೀರು, ಆಮ್ಲ ಒಳಗೇ ಇದೆ. ಬಿತ್ತನೆ ಮುಗಿದು ತಿಂಗಳುಗಟ್ಟಲೆ ನಿಲ್ಲುವ ಟ್ರ್ಯಾಕ್ಟರಿಗೂ ಇದೇ ಮಾತು. ನೆಗೆಟಿವ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೆ ಮುಂದಿನ ಮಳೆಗಾಲಕ್ಕೆ ದಬ್ಬುವ ಪ್ರಮೇಯ ಬರದು.

ಬದಲಿ ಬ್ಯಾಟರಿ ಕೂರಿಸಿದ ಮೇಲೆ ಗಾಡಿಯನ್ನು ಗುರುವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆ ತನಕ ಮುಟ್ಟಲಿಲ್ಲ. ಗುರುವಾರ 12.66 ಇದ್ದದ್ದು ಸೋಮವಾರ 12.61. ಸೆಲ್ಫ್ ಹೊಡೆಯುವಾಗ 10.7ಕ್ಕಿಂತ ಕೆಳಗಿಳಿಯಲಿಲ್ಲ, ಎಂಜಿನ್ ಒಂದೇ ಎಳೆತಕ್ಕೆ ಚಾಲೂ. ಮುಂದಿನ ಅಳತೆ ಮಾರ್ಚ್ ಮೊದಲ ವಾರ, ಬಿಸಿಲು ಏರುವ ಮುಂಚೆ: ಆರು ಸೆಲ್ಲಿನ ಸಾಂದ್ರತೆ, ನೀರಿನ ಮಟ್ಟ, ನೆಗೆಟಿವ್ ಬೋಲ್ಟು.